ನಕಾಶೆಯಲ್ಲಿ ಇಲ್ಲದ ಕೇರಿ

1

ತಾಲ್ಲೂಕು ಕಚೇರಿಯ ಸರ್ವೆ ಶಾಖೆಯಲ್ಲಿ ಅರ್ಜಿ ಕೊಟ್ಟು ದುಡ್ಡು ಕಟ್ಟಿದರೆ ನಿಮ್ಮೂರಿನ ಗ್ರಾಮ ನಕಾಶೆ ಸಿಗುತ್ತದೆ. ಈಗಂತೂ ಇಲಾಖೆಯವರು ಅದನ್ನು ಅಂತರ್ಜಾಲದಲ್ಲೂ ಇಟ್ಟಿದ್ದಾರೆ. ಒಂದು ಮೈಲಿ ನೆಲವನ್ನು ಎಂಟು ಅಂಗುಲಕ್ಕೆ ಇಳಿಸಿ ಬರೆದ ಕಾಗದ ಅದು. ಊರಿನ ಸುತ್ತುಗಡಿ ಇದೆ, ಪ್ರತಿ ಹೊಲಗದ್ದೆಗೂ ಸರ್ವೆ ನಂಬರಿದೆ, ಕೆರೆ, ಹಳ್ಳ, ಬಂಡಿದಾರಿ, ಗುಡಿ, ಬಾಂದು ಕಲ್ಲು ಎಲ್ಲವೂ ಇದೆ. ಎರಡು ಊರಿನ ನಡುವೆ ಒಂದು ಮಾರು ಜಾಗಕ್ಕೆ ಜಗಳ ಬಿದ್ದರೂ ಕೋರ್ಟು ಕಚೇರಿಗಳು ಇದನ್ನೇ ಬಿಚ್ಚಿ ನೋಡುತ್ತವೆ. ಇಷ್ಟು ಕಟ್ಟುನಿಟ್ಟಾದ ಕಾಗದದಲ್ಲಿ ನಿಮ್ಮ ಕೇರಿ ಎಲ್ಲಿದೆ, ಒಂದು ಸಲ ಹುಡುಕಿ ನೋಡಿ.

ಮಂಡ್ಯ ಸೀಮೆಯ ನಮ್ಮೂರಿನ ನಕಾಶೆಯನ್ನು ಹರಡಿಕೊಂಡು ನಾನು ಹುಡುಕಿದೆ. ಊರು ಎಂಬುದು ನಡುವೆ ಒಂದು ತುಂಡಾಗಿ ಇದೆ. ಅದಕ್ಕೆ ಗ್ರಾಮಠಾಣ ಅಂತ ಹೆಸರು. ಅದರೊಳಗೆ ಗೆರೆಗಳಿಲ್ಲ. ಗೌಡರ ಬೀದಿ ಯಾವುದು, ಐನೋರ ಬೀದಿ ಯಾವುದು ಅಂತ ಅದು ಹೇಳುವುದಿಲ್ಲ. ಹೇಳದಿದ್ದರೂ ಅವರಿಗೆ ನಷ್ಟವಿಲ್ಲ. ಅವರ ಹೆಸರುಗಳು ಸುತ್ತಲಿನ ಸರ್ವೆ ನಂಬರುಗಳ ಪಹಣಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿವೆ. ನಮ್ಮ ಕೇರಿ ಇರುವುದು ಆ ತುಂಡಿನ ಆಚೆ, ಕೆರೆ ಕೋಡಿಯ ಕೆಳಗೆ. ನನ್ನಜ್ಜ ಹುಟ್ಟಿದ್ದು ಅಲ್ಲೇ, ಸತ್ತದ್ದೂ ಅಲ್ಲೇ. ನಕಾಶೆಯ ಪ್ರಕಾರ ಅದು ಖರಾಬು. ಖರಾಬು ಎಂದರೆ ಸಾಗುವಳಿಗೆ ಬಾರದ, ಕಂದಾಯ ಹುಟ್ಟದ ನೆಲ. ಐವತ್ತು ಅರವತ್ತು ಒಲೆ ಉರಿಯುತ್ತಿದ್ದ ಜಾಗವನ್ನು ಸರ್ಕಾರದ ಕಾಗದ ಕೆಟ್ಟ ನೆಲ ಎಂದು ಬರೆದುಕೊಂಡಿದೆ.

ಇಷ್ಟಕ್ಕೇ ಸಿಟ್ಟಾಗಿ ನಕಾಶೆಯನ್ನು ಹರಿದು ಬಿಸಾಡಬಾರದು. ಅದನ್ನು ಬರೆಸಿದವನಿಗೆ ಕಂದಾಯ ಬೇಕಿತ್ತು, ಆದ್ದರಿಂದ ಕಂದಾಯ ಕೊಡುವವನು ಅದರಲ್ಲಿ ಕಾಣುತ್ತಾನೆ. ಹಳೇ ಫೋಟೋಗಳಿಗೂ ಇದೇ ಮಾತು. ಕ್ಯಾಮರಾ ಯಾರ ಕೈಲಿತ್ತೋ ಅವನಿಗೆ ಬೇಕಾದ್ದು ಅದರಲ್ಲಿದೆ. ನಮ್ಮ ಮುದುಕರ ನೆನಪಿಗೂ ಅದರದೇ ಆದ ಪಕ್ಷಪಾತ ಇರುತ್ತದೆ. ಈ ಮೂವರು ಸಾಕ್ಷಿಗಳನ್ನೂ ಎದುರುಬದುರು ನಿಲ್ಲಿಸಿ ಪಾಟೀಸವಾಲು ಹಾಕಿದಾಗ ಮಾತ್ರ ಕೇರಿಯ ಚರಿತ್ರೆ ಬಾಯಿ ಬಿಡುತ್ತದೆ. ನಮ್ಮೂರಿನ ಮಟ್ಟಿಗೆ ನಾನು ಅದನ್ನು ಮಾಡಿ ನೋಡಿದ್ದೇನೆ. ನಿಮ್ಮೂರಲ್ಲಿ ನೀವೂ ಮಾಡಬೇಕು ಅನ್ನುವುದಕ್ಕೇ ಈ ಬರಹ.

2

ನಕಾಶೆ ಇಲ್ಲದ ಕಾಲದಲ್ಲಿ ಊರಿನ ಗಡಿ ಎಲ್ಲಿತ್ತು? ಹೊಲೆಯನ ತಲೆಯೊಳಗಿತ್ತು. ಹಳೇ ಮೈಸೂರಿನ ಊರುಗಳಲ್ಲಿ ಕುಳವಾಡಿ ಅಂತ ಒಬ್ಬ ಇರುತ್ತಿದ್ದ. ಜಾತಿಯಲ್ಲಿ ಹೊಲೆಯ. ಊರಿನ ಎಲ್ಲೆ, ಹೊಲಗಳ ಬದು, ಹಳೇ ಕಲ್ಲು ಯಾವುದು, ಹೊಸದಾಗಿ ನೆಟ್ಟಿದ್ದು ಯಾವುದು ಎಂಬುದೆಲ್ಲ ಅವನಿಗೆ ಗೊತ್ತು. ಗಡಿ ತಕರಾರಿನಲ್ಲಿ ಅವನು ಹೇಳಿದ್ದೇ ಕೊನೆಯ ಮಾತು.

ಜೆ. ಎಸ್. ಎಫ್. ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ 1873ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಈ ಪದ್ಧತಿಯ ಬಗ್ಗೆ ಬರೆದ. ಎರಡು ಊರುಗಳ ನಡುವೆ ಗಡಿ ಜಗಳ ಬಿದ್ದರೆ ಊರಿನ ಮಣ್ಣಿನಿಂದ ಒಂದು ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ಕುಳವಾಡಿಯ ತಲೆಯ ಮೇಲೆ ಹೊರಿಸುತ್ತಿದ್ದರು. ಅವನು ಗಡಿಯ ಗುಂಟ ನಡೆಯಬೇಕು. ಸರಿಯಾದ ಗಡಿಯ ಮೇಲೆ ನಡೆದರೆ ಉಂಡೆ ನಿಲ್ಲುತ್ತದೆ. ಗಡಿ ತಪ್ಪಿ ಆಚೆ ಕಾಲಿಟ್ಟರೆ ಉಂಡೆ ತಾನಾಗಿ ಒಡೆಯುತ್ತದೆ. ಒಡೆದರೆ ಹದಿನೈದು ದಿನದೊಳಗೆ ಕುಳವಾಡಿ ಸಾಯುತ್ತಾನೆ, ಅವನ ಮನೆ ಹಾಳುಬೀಳುತ್ತದೆ. ಆಗಿನ ಜನರ ನಂಬಿಕೆ ಇದು.

ಇದನ್ನು ಓದಿ ಹಿಗ್ಗುವವರಿದ್ದಾರೆ. ನೋಡಿ, ಹೊಲೆಯನಿಗೆ ಎಂಥ ಮರ್ಯಾದೆ ಇತ್ತು, ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಒಂದೊಂದು ಸ್ಥಾನ ಇತ್ತು ಅನ್ನುತ್ತಾರೆ. ಸ್ವಲ್ಪ ನಿಂತು ಲೆಕ್ಕ ಹಾಕೋಣ. ಜಗಳ ಯಾರದು? ಎರಡೂ ಊರಿನ ಒಕ್ಕಲುಗಳದು. ಗೆದ್ದ ನೆಲ ಯಾರಿಗೆ? ಅವರಿಗೇ. ಬಿಸಿಲಲ್ಲಿ ಹಸಿಮಣ್ಣು ಒಣಗಿ ಬಿರಿದರೆ ಸಾಯೋನು ಯಾರು? ಕುಳವಾಡಿ. ಒಂದು ಗೇಣು ನೆಲವಿಲ್ಲದವನ ಪ್ರಾಣವನ್ನು ಇನ್ನೊಬ್ಬರ ನೆಲಕ್ಕೆ ಜಾಮೀನಿಟ್ಟ ಮರ್ಯಾದೆ ಇದು.

ಆದರೆ ಇದರೊಳಗೇ ಇನ್ನೊಂದು ಸತ್ಯ ಕೂತಿದೆ. ಈ ಅಧಿಕಾರವನ್ನು ನೋಡಿಯೇ, ಹೊಲೆಯರು ಈ ನೆಲದ ಮೊದಲ ಒಡೆಯರಿರಬೇಕು ಅಂತ ಆ ಕಾಲದ ಬರಹಗಾರರು ಊಹಿಸಿದರು. ಊಹೆಯನ್ನು ಪುರಾವೆ ಅಂತ ನಾವು ಹೊತ್ತು ತಿರುಗುವುದು ಬೇಡ. ಊರಿನ ಅತಿ ದೊಡ್ಡ ದಾಖಲೆ ಓದುಬರಹ ಇಲ್ಲದ ಒಬ್ಬ ಹೊಲೆಯನ ಬುದ್ಧಿಯಲ್ಲಿತ್ತು, ಊರೆಲ್ಲ ಅದನ್ನು ಒಪ್ಪಿತ್ತು ಎಂಬಷ್ಟು ಮಾತ್ರ ಖಚಿತ. ಆ ದಾಖಲೆ ಅವನ ತಲೆಯಿಂದ ಕಾಗದಕ್ಕೆ ಇಳಿದ ಮೇಲೆ ಅವನ ಗತಿ ಏನಾಯಿತು ಎಂಬುದೇ ನಮ್ಮ ಪ್ರಶ್ನೆ.

3

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರಿಗೆ ಮೊದಲು ಬೇಕಾದದ್ದು ಗೆದ್ದ ನೆಲದ ಲೆಕ್ಕ. ಕಾಲಿನ್ ಮೆಕೆಂಜಿ ಎಂಬ ಇನ್ನೊಬ್ಬ ಮೆಕೆಂಜಿ ಮೈಸೂರಿನ ಸರ್ವೆಗೆ ಇಳಿದ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಊರೂರು ಸುತ್ತಿ ಬೆಳೆ, ನೀರು, ತೆರಿಗೆ, ಕೂಲಿ ಎಲ್ಲ ಬರೆದುಕೊಂಡ. ಕಾಲಿನ್ ಮೆಕೆಂಜಿಯ ಕಡೆಯವರು ಊರುಗಳ ಕೈಫಿಯತ್ತುಗಳನ್ನೂ ಕೂಡಿಹಾಕಿದರು. ಅವುಗಳನ್ನು ಬರೆದುಕೊಟ್ಟವರು ಹೆಚ್ಚಾಗಿ ಶಾನುಭೋಗರು, ಪೂಜಾರಿಗಳು, ಬರಹ ಬಲ್ಲವರು. ಊರಿನ ಕತೆ ಊರವರ ಬಾಯಿಂದ ಬಂತು, ಕೇರಿಯನ್ನು ಕೇಳುವುದಕ್ಕೆ ಯಾರೂ ಕೋಡಿ ಇಳಿಯಲಿಲ್ಲ.

ಹೊಲಹೊಲವನ್ನೂ ಅಳೆಯುವ ಕಂದಾಯ ಸರ್ವೆ ಮೈಸೂರು ಸೀಮೆಯಲ್ಲಿ ಶುರುವಾದದ್ದು 1863ರಲ್ಲಿ, ಬೊಂಬಾಯಿ ಪದ್ಧತಿಯ ಮೇಲೆ. ಅದರ ಸರಪಳಿ 33 ಅಡಿ ಉದ್ದ. ಒಂದು ಸರಪಳಿಗೆ 16 ಆಣೆ. ಸರಪಳಿ ಉದ್ದ ಸರಪಳಿ ಅಗಲದ ಚೌಕ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಇವತ್ತಿಗೂ ನಾವು ನೆಲ ಲೆಕ್ಕ ಹಾಕುವುದು ಆ ಸರಪಳಿಯಲ್ಲೇ. ಅದನ್ನು ಹಿಡಿದು ಕಳ್ಳಿಬೇಲಿ, ಕೆಸರುಗದ್ದೆ, ಹಳ್ಳ ದಾಟಿ ಎಳೆಯೋನು ಒಬ್ಬ ಬೇಕಲ್ಲ? ಬಾಂದು ಕಲ್ಲು ಹೊತ್ತು ತಂದು ನೆಡೋನು ಬೇಕಲ್ಲ? ಆ ಕೆಲಸಕ್ಕೆ ತೋಟಿ ಬಂದ, ತಳವಾರ ಬಂದ.

ನಾನು ಎಂಟೊಂಬತ್ತು ವರ್ಷದವನಿದ್ದಾಗ, ಅಂದರೆ 1960ರ ದಶಕದಲ್ಲಿ, ಒಬ್ಬ ಒಕ್ಕಲಿಗರ ಜಮೀನಿನ ಪೋಡಿಗೆ ಸರ್ವೆಯವರು ಬಂದಿದ್ದರು. ತೋಟಿಕೆ ನಮ್ಮ ಮನೆಯದು. ನನ್ನಜ್ಜ ಸರಪಳಿಯ ಒಂದು ತುದಿ ಹಿಡಿದಿದ್ದ, ಅಪ್ಪ ಇನ್ನೊಂದು ತುದಿ. ನಾನು ಬಾವುಟದ ಕೋಲುಗಳನ್ನು ಹೊತ್ತುಕೊಂಡು ಹಿಂದೆ ಹೋಗಿದ್ದೆ. ಒಂದು ಕಡೆ ಕಾಗದದಲ್ಲಿದ್ದ ಕಲ್ಲು ನೆಲದ ಮೇಲೆ ಇಲ್ಲ. ಸರ್ವೆಯವರು ಟಿಪ್ಪಣಿ ಪುಸ್ತಕ ತಿರುವಿ ತಿರುವಿ ಬೇಸತ್ತರು. ಅಜ್ಜ ಸುಮ್ಮನೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ಹಿಮ್ಮಡಿಯಲ್ಲಿ ನೆಲ ಒತ್ತಿ, ‘ಇಲ್ಲಿ ಅಗಿಸಿ ಸೋಮಿ, ನಮ್ಮಪ್ಪ ನೆಟ್ಟಿದ್ದು’ ಅಂದ. ಮೊಳಕಾಲುದ್ದ ಅಗೆದಾಗ ಕಲ್ಲು ಸಿಕ್ಕಿತು.

ಮಧ್ಯಾಹ್ನ ಸರ್ವೆಯವರಿಗೆ ಜಮೀನಿನವರ ಮನೆಯಿಂದ ಎಳನೀರು ಬಂತು, ಊಟವೂ ಬಂತು. ನಾವು ಮೂವರೂ ನಾಲೆಗೆ ಹೋಗಿ ಬೊಗಸೆಯಲ್ಲಿ ನೀರು ಕುಡಿದೆವು. ಸಾಯಂಕಾಲ ಮಹಜರು ಬರೆದರು. ಪಟೇಲರು ರುಜು ಹಾಕಿದರು, ಅಕ್ಕಪಕ್ಕದ ಜಮೀನಿನವರು ರುಜು ಹಾಕಿದರು. ಕಲ್ಲು ತೋರಿಸಿದವನ ಹೆಬ್ಬೆಟ್ಟನ್ನು ಯಾರೂ ಕೇಳಲಿಲ್ಲ. ಆ ಮಹಜರಿನ ನಕಲು ನಾನು ದೊಡ್ಡವನಾದ ಮೇಲೆ ತೆಗೆಸಿದೆ. ಕಲ್ಲು ಸಿಕ್ಕಿತು ಅಂತ ಇದೆ. ಯಾರು ಹೇಳಿ ಸಿಕ್ಕಿತು ಅಂತ ಇಲ್ಲ. ಕುಳವಾಡಿ ಹೊತ್ತ ಮಣ್ಣಿನ ಉಂಡೆಯಿಂದ ಸರ್ಕಾರದ ಸರಪಳಿಯವರೆಗೆ ಕೆಲಸ ನಮ್ಮವರದೇ, ಕಾಗದ ಮಾತ್ರ ಬೇರೆಯವರದು.

4

ಕೇರಿಗೆ ನೆಲವೇ ಇರಲಿಲ್ಲವೆ? ಇತ್ತು. ನಕಾಶೆಯ ಗೆರೆಯಲ್ಲಿ ಕಾಣದ್ದು ಹಳೇ ಇನಾಂ ರಿಜಿಸ್ಟರಿನಲ್ಲಿ ಕಾಣುತ್ತದೆ. ಕೆರೆ ನೀರು ಬಿಡುವ ನೀರಗಂಟಿ, ಊರಿನ ಓಡಾಟದ ತೋಟಿ, ಕಾವಲಿನ ತಳವಾರ, ಇವರಿಗೆಲ್ಲ ಚಾಕರಿಗೆ ಬದಲಾಗಿ ಒಂದಿಷ್ಟು ನೆಲ ಇರುತ್ತಿತ್ತು. ನಮ್ಮೂರಲ್ಲಿ ತೋಟಿ ಇನಾಂ ಎರಡೂಕಾಲು ಎಕರೆ. ಅಷ್ಟಕ್ಕೆ ಮಾಡುತ್ತಿದ್ದ ಕೆಲಸ ಕೇಳಿ: ಕಂದಾಯದ ಗಂಟು ಹೊತ್ತು ತಾಲ್ಲೂಕಿಗೆ ಹೋಗಬೇಕು, ಅಮಲ್ದಾರರು ಬಂದರೆ ಮುಂದೆ ಪಂಜು ಹಿಡಿಯಬೇಕು, ಸಾವಿನ ಸುದ್ದಿ ಹತ್ತೂರಿಗೆ ಮುಟ್ಟಿಸಬೇಕು, ಸತ್ತ ದನ ಎಳೆಯಬೇಕು, ಕಣ ಕಾಯಬೇಕು, ಡಂಗುರ ಹೊಡೆಯಬೇಕು. ಹೊತ್ತು ಗೊತ್ತು ಇಲ್ಲ. ಒಬ್ಬ ಹೋಗಲಾಗದಿದ್ದರೆ ಮನೆಯ ಇನ್ನೊಬ್ಬ ಹೋಗಬೇಕು. ನೆಲ ಒಬ್ಬನ ಹೆಸರಿನಲ್ಲಿ, ಜೀತ ಇಡೀ ಮನೆಗೆ.

ಅಂಬೇಡ್ಕರ್ ಇದನ್ನು ಬಹಳ ಮೊದಲೇ ಕಂಡಿದ್ದರು. ಮಹಾರಾಷ್ಟ್ರದ ಮಹಾರ್ ವತನ ಇದರದೇ ಒಡಹುಟ್ಟು. 1928ರಲ್ಲಿ ಅವರು ಬೊಂಬಾಯಿ ಶಾಸನಸಭೆಯಲ್ಲಿ, 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಗೆ ತಿದ್ದುಪಡಿ ಬೇಕೆಂದು ಮಸೂದೆ ತಂದರು. ಆಗ ಬೆಳಗಾವಿ, ಧಾರವಾಡ, ಬಿಜಾಪುರಗಳೂ ಬೊಂಬಾಯಿ ಪ್ರಾಂತ್ಯದಲ್ಲೇ ಇದ್ದವು, ಅಲ್ಲಿನ ನಮ್ಮವರ ಕತೆಯೂ ಅದರಲ್ಲಿ ಸೇರಿತ್ತು. ಚೂರು ನೆಲದ ಆಸೆ ತೋರಿಸಿ ಒಂದು ಜನಾಂಗವನ್ನೇ ಊರಿಗೆ ಕಟ್ಟಿಹಾಕಿದ ಹಗ್ಗ ಈ ವತನ ಎಂಬುದು ಬಾಬಾಸಾಹೇಬರ ವಾದ. ಹಗ್ಗ ಕಡಿಯಬೇಕು, ಆದರೆ ನೆಲ ನಮ್ಮ ಕೈ ಬಿಡಬಾರದು. ಹೋರಾಟದ ಬಿಕ್ಕಟ್ಟೇ ಅದಾಗಿತ್ತು.

ಮೈಸೂರಿನಲ್ಲಿ ಗ್ರಾಮ ಹುದ್ದೆಗಳಿಗೆ 1908ರ ಕಾಯಿದೆ ಇತ್ತು. ಇಂಥ ಹುದ್ದೆಗಳನ್ನು ತೆಗೆದು ಹಾಕಿದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ, ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಚಾಕರಿ ಹೋಯಿತು. ಇನಾಂ ನೆಲ ಸರ್ಕಾರಕ್ಕೆ ಸೇರಿ, ಹುದ್ದೆಯಲ್ಲಿದ್ದವನು ಅರ್ಜಿ ಹಾಕಿ ಕಿಮ್ಮತ್ತು ಕಟ್ಟಿದರೆ ಅವನಿಗೇ ಮರುಮಂಜೂರಾಗಬೇಕು. ಕಾಗದದ ಮೇಲೆ ನ್ಯಾಯವಾಗಿಯೇ ಇದೆ. ಆದರೆ ಅರ್ಜಿ ಹಾಕಬೇಕು ಅಂತ ತೋಟಿಗೆ ಹೇಳಬೇಕಾದವರು ಯಾರು? ಊರಿನ ಲೆಕ್ಕ ಇಟ್ಟವರು. ಆ ನೆಲದ ಮೇಲೆ ಕಣ್ಣಿಟ್ಟಿದ್ದವರು ಯಾರು? ಅವರ ಜಗಲಿಯ ಮೇಲೆ ಕೂರುವವರು.

ಮಂಡ್ಯ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಹರಿಯಿತು, ಈಗ ಅದನ್ನು ವಿಶ್ವೇಶ್ವರಯ್ಯ ನಾಲೆ ಅನ್ನುತ್ತೇವೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಯಾರಿಗೂ ಬೇಡ ಅಂತ ತೋಟಿಗೆ ಬಿಟ್ಟಿದ್ದ ಕಲ್ಲುಹೊಲ ಒಂದೇ ತಲೆಮಾರಿನಲ್ಲಿ ಕಬ್ಬಿನ ಗದ್ದೆಯಾಯಿತು. ನೀರು ಬಂದ ಮೇಲೆ ನೆಲಕ್ಕೆ ಬೆಲೆ ಬಂತು. ಬೆಲೆ ಬಂದ ಮೇಲೆ ಅದು ನಮ್ಮ ಹತ್ತಿರ ಉಳಿಯಲಿಲ್ಲ. ಒಂದು ಮದುವೆಯ ಸಾಲಕ್ಕೆ ಅಜ್ಜ ಭೋಗ್ಯಕ್ಕೆ ಹಾಕಿದ ಒಂದು ಎಕರೆ ಮತ್ತೆ ಬರಲೇ ಇಲ್ಲ. ‘ನೆಲ ಎಲ್ಲೋಯ್ತು ಅಜ್ಜ’ ಅಂದರೆ ‘ನಾಲೆ ನೀರಲ್ಲಿ ಕೊಚ್ಕಂಡೋಯ್ತು ಕಣ್ಲಾ’ ಅನ್ನುತ್ತಿದ್ದ.

ಕಾರ್ಯಕರ್ತರು ಇಲ್ಲೊಂದು ವಿಷಯ ಗಟ್ಟಿಯಾಗಿ ತಿಳಿದಿರಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯಿದೆ, ಜನ ಪಿ.ಟಿ.ಸಿ.ಎಲ್. ಅನ್ನುವುದು, 1979ರ ಜನವರಿ 1ರಿಂದ ಜಾರಿಯಲ್ಲಿದೆ. 1984ರಲ್ಲಿ ಸುಪ್ರೀಂ ಕೋರ್ಟು ಮಂಚೇಗೌಡ ಮೊಕದ್ದಮೆಯಲ್ಲಿ ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ವರ್ಷಾನುಗಟ್ಟಲೆ ತಡಮಾಡಿ ಬಂದರೆ ಆಗದು, ಸಕಾಲದಲ್ಲಿ ಅರ್ಜಿ ಹಾಕಬೇಕು ಅಂದಿತು. ಎಷ್ಟೋ ಕೇಸುಗಳು ಆ ಒಂದು ಮಾತಿನಿಂದ ಬಿದ್ದವು. ಹೋರಾಟಗಳಾದ ಮೇಲೆ 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆಯಿತು. ಆದರೆ ಈ ಕಾಯಿದೆಯ ‘ಮಂಜೂರಾದ ಜಮೀನು’ ಎಂಬ ಅರ್ಥವಿವರಣೆಯಲ್ಲಿ, ವಂಶಪಾರಂಪರ್ಯ ಹುದ್ದೆಗಳ ಇನಾಂ ರದ್ದಿಯಾತಿಯಿಂದ ಬಂದ ನೆಲವನ್ನು ಹೊರಗಿಟ್ಟಿದ್ದಾರೆ. ತೋಟಿ, ತಳವಾರ, ನೀರಗಂಟಿ ನೆಲಕ್ಕೆ 1961ರ ಕಾಯಿದೆಯೇ ದಿಕ್ಕು. ಅದಕ್ಕೆ 1978ರಲ್ಲಿ ತಂದ ತಿದ್ದುಪಡಿ, ಮರುಮಂಜೂರಾದ ನೆಲವನ್ನು ಹದಿನೈದು ವರ್ಷ ಪರಭಾರೆ ಮಾಡದಂತೆ ಕಟ್ಟುಹಾಕಿತು. ಯಾವ ನೆಲ ಯಾವ ಬಾಬಿನಿಂದ ಬಂತು ಅಂತ ತಿಳಿಯದೆ ಕಚೇರಿ ಮೆಟ್ಟಿಲು ಹತ್ತಿದರೆ ಬರಿಗೈಲಿ ಇಳಿಯಬೇಕಾಗುತ್ತದೆ. ಸ್ಥಳೀಯ ಚರಿತ್ರೆ ನಮಗೆ ಪುರುಸೊತ್ತಿನ ಕೆಲಸ ಅಲ್ಲ ಅನ್ನುವುದು ಇದಕ್ಕೇ.

5

ಇನ್ನು ಫೋಟೋಗಳ ಮಾತು. ನಮ್ಮ ಹಿರೀಕರ ಅತಿ ಹಳೆಯ ಫೋಟೋಗಳು ನಮ್ಮ ಮನೆಗಳಲ್ಲಿಲ್ಲ, ಸರ್ಕಾರದ ಪುಸ್ತಕಗಳಲ್ಲಿವೆ. 1868ರಿಂದ 1875ರವರೆಗೆ ಲಂಡನ್ನಿನಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟ ಹೊರಬಂದವು. ಈ ದೇಶದ ಜನರನ್ನು ಜಾತಿ ಜಾತಿಯಾಗಿ ನಿಲ್ಲಿಸಿ ತೆಗೆದ ಚಿತ್ರಗಳು. ಆಮೇಲೆ ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಬಂದ. ಕಂಡ ಜಾತಿಯವರ ತಲೆ ಅಳೆದ, ಮೂಗು ಅಳೆದ, ಫೋಟೋ ತೆಗೆದ. ಕೆ. ರಂಗಾಚಾರಿ ಜೊತೆ ಸೇರಿ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದ. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ಎಚ್. ವಿ. ನಂಜುಂಡಯ್ಯನವರು ಶುರುಮಾಡಿದ ಕೆಲಸವನ್ನು ಎಲ್. ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿ, 1928ರಿಂದ ಮುಂದಕ್ಕೆ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕಾಸ್ಟ್ಸ್’ ಸಂಪುಟಗಳು ಬಂದವು.

ಇಂಥ ಪುಸ್ತಕಗಳಲ್ಲಿ ನಮ್ಮವರ ಚಿತ್ರದ ಕೆಳಗೆ ಮನುಷ್ಯನ ಹೆಸರನ್ನು ಹುಡುಕಿ ನೋಡಿ. ಸಾಮಾನ್ಯವಾಗಿ ಸಿಗುವುದು ಜಾತಿಯ ಹೆಸರು. ಕ್ಯಾಮರಾದ ಮುಂದೆ ನಿಂತವನಿಗೆ ಅಪ್ಪ ಅವ್ವ ಇಟ್ಟ ಹೆಸರೊಂದಿತ್ತು, ಊರಿತ್ತು, ಬಿಟ್ಟು ಬಂದ ಕೆಲಸವಿತ್ತು. ಅದು ಯಾವುದೂ ಬರೆಯುವವನಿಗೆ ಬೇಕಾಗಲಿಲ್ಲ. ಸರ್ವೆಯವನು ನೆಲಕ್ಕೆ ನಂಬರು ಹಾಕಿದ, ಇವನು ಜನಕ್ಕೆ ನಂಬರು ಹಾಕಿದ.

ಊರಿನ ಫೋಟೋಗಳಲ್ಲೂ ಇದೇ ನಡೆ. ನಮ್ಮೂರಿನ ಒಂದು ದೊಡ್ಡ ಮನೆಯ ಜಗಲಿಯ ಮೇಲೆ ಕಟ್ಟು ಹಾಕಿಸಿದ ಫೋಟೋ ಒಂದಿದೆ. ಕಬ್ಬು ತುಂಬಿದ ಗಾಡಿ, ಮುಂದೆ ಪಂಚೆ ಕೋಟು ತೊಟ್ಟ ಯಜಮಾನರು. ಬಲಗಡೆ ಅಂಚಿನಲ್ಲಿ ಎತ್ತಿನ ಮೂಗುದಾರ ಹಿಡಿದ ಒಂದು ಕೈ ಇದೆ. ಕೈ ಮಾತ್ರ. ಆಳು ಕಟ್ಟಿನ ಆಚೆ ಉಳಿದಿದ್ದಾನೆ. ಅವರ ಮಗ ನನ್ನ ಸಹಪಾಠಿ, ಅವನು ಅದರ ನಕಲು ತೆಗೆಸಿಕೊಟ್ಟ. ಮನೆಗೆ ತಂದು ಅವ್ವನಿಗೆ ತೋರಿಸಿದೆ. ಅವ್ವ ಯಜಮಾನರನ್ನು ನೋಡಲೇ ಇಲ್ಲ. ಆ ಕೈಯನ್ನು ಕಣ್ಣಿಗೆ ಹತ್ತಿರ ಹಿಡಿದು, ‘ಕಿರುಬೆಳ್ಳಿಲ್ಲ ನೋಡ್ಲಾ. ನಮ್ಮಪ್ಪ ಕಣೋ ಇದು. ಆಲೆಮನೆ ಗಾಣಕ್ಕೆ ಹೋಗಿದ್ದು’ ಅಂದಳು. ನನ್ನ ತಾತನ ಫೋಟೋ ಅಂತ ನಮ್ಮ ಮನೆಯಲ್ಲಿರುವುದು ಆ ಒಂದು ಕೈ.

ಅದಕ್ಕೇ ಹೇಳುವುದು, ಹಳೇ ಫೋಟೋ ಸಿಕ್ಕಿದರೆ ನಡುವೆ ಕೂತವರನ್ನು ಬಿಟ್ಟು ಅಂಚು ನೋಡಿ. ಯಾರು ಕುರ್ಚಿಯಲ್ಲಿ, ಯಾರು ನೆಲದ ಮೇಲೆ, ಯಾರ ಕಾಲಲ್ಲಿ ಮೆಟ್ಟಿದೆ, ಯಾರ ಮೈಮೇಲೆ ಅಂಗಿ ಇದೆ ನೋಡಿ. ನಮ್ಮ ಪ್ರೈಮರಿ ಸ್ಕೂಲಿನ ಗುಂಪು ಫೋಟೋದಲ್ಲಿ ಕೇರಿಯ ನಾವು ಐದು ಹುಡುಗರು ಕೊನೇ ಸಾಲಿನ ಎಡತುದಿಯಲ್ಲಿ ಒಟ್ಟಿಗೆ ಇದ್ದೇವೆ. ಎತ್ತರದ ಪ್ರಕಾರ ನಿಲ್ಲಿಸಿದ್ದು ಅಂತ ಮೇಷ್ಟ್ರು ಹೇಳಿದ್ದರು. ಐವರಲ್ಲಿ ನಾನು ತರಗತಿಗೇ ಗಿಡ್ಡ. ನನ್ನ ಹಣೆ ಮಾತ್ರ ಕಾಣುತ್ತದೆ. ಹೆಣ್ಣುಮಕ್ಕಳಲ್ಲಿ ಕೇರಿಯವಳು ಒಬ್ಬಳೂ ಇಲ್ಲ. ಹಾಜರಿ ಪುಸ್ತಕದಲ್ಲಿ ಇಬ್ಬರ ಹೆಸರಿತ್ತು. ಅವತ್ತು ಅವರು ಕಳೆ ಕೀಳುವುದಕ್ಕೆ ಹೋಗಿದ್ದರು.

6

ಉಳಿದದ್ದು ನೆನಪು. ನೆನಪಿನ ಮೇಲೇ ಒಂದು ದೊಡ್ಡ ಪುಸ್ತಕ ಬರೆದವರು ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸ್. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಟಿಪ್ಪಣಿ ಮಾಡಿಕೊಂಡರು. 1970ರಲ್ಲಿ ಅಮೆರಿಕದಲ್ಲಿ ಆ ಟಿಪ್ಪಣಿಗಳು ಬೆಂಕಿಗೆ ಸಿಕ್ಕವು. ಆಮೇಲೆ ನೆನಪಿನಿಂದ ಬರೆದು 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಪ್ರಕಟಿಸಿದರು. ಹಳ್ಳಿಯ ಮುಖಂಡರ ಆಸರೆಯಲ್ಲಿದ್ದ ತಾನು ಊರನ್ನು ಮೇಲುಜಾತಿಯ ಕಡೆಯಿಂದ ಕಂಡೆ ಅಂತ ಅವರೇ ಅದರಲ್ಲಿ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆಗೆ ಬೆಲೆ ಕೊಡೋಣ. ಜೊತೆಗೆ ಪಾಠವನ್ನೂ ಕಲಿಯೋಣ. ಜಗಲಿಯ ಮೇಲೆ ಕೂತ ನೆನಪಿಗೆ ಕೋಡಿಯ ಕೆಳಗಿನದು ಕಾಣುವುದಿಲ್ಲ. ಕೇರಿಯ ನೆನಪನ್ನು ಕೇರಿಯವರೇ ಬರೆಯಬೇಕು.

ನನ್ನ ಅವ್ವನ ತಲೆಯಲ್ಲೂ ಒಂದು ನಕಾಶೆ ಇದೆ. ಅದರಲ್ಲಿ ಸರ್ವೆ ನಂಬರಿಲ್ಲ. ಯಾವ ಬಾವಿಯಲ್ಲಿ ನೀರು ಸೇದಬಹುದು, ಯಾವ ಬಾವಿಯ ಹತ್ತಿರ ಬಿಂದಿಗೆ ಇಟ್ಟು ಯಾರಾದರೂ ಹುಯ್ಯುವವರೆಗೆ ಕಾಯಬೇಕು, ಯಾವ ಬೀದಿಯಲ್ಲಿ ಮೆಟ್ಟು ಕೈಲಿ ಹಿಡಿಯಬೇಕು, ಯಾವ ಬದುವಿನಲ್ಲಿ ಹುಲ್ಲು ಕೊಯ್ದರೆ ಬೈಗುಳ, ಯಾವ ಬದುವಿನಲ್ಲಿ ಏಟು, ಯಾರ ತೋಟದ ದಾರಿಯಲ್ಲಿ ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೋಗಬಾರದು, ಇವೆಲ್ಲ ಅದರಲ್ಲಿವೆ. ಆ ತೋಟದ ಸರ್ವೆ ನಂಬರು ನನಗೆ ಗೊತ್ತು. ಆ ದಾರಿಯ ಭಯ ಅವ್ವನಿಗೆ ಗೊತ್ತು. ಎರಡನ್ನೂ ಸೇರಿಸದೆ ನಮ್ಮೂರಿನ ಚರಿತ್ರೆ ಪೂರ್ತಿಯಾಗುವುದಿಲ್ಲ.

ಹಾಗಂತ ಕೇರಿಯ ನೆನಪು ಎಲ್ಲವೂ ಸತ್ಯ ಅಂತ ಕಣ್ಣಿಗೊತ್ತಿಕೊಳ್ಳಬಾರದು. ಕೇರಿಯ ಸಿಹಿನೀರಿನ ಬಾವಿಯನ್ನು ನಾಲ್ವಡಿಯವರು ತೋಡಿಸಿಕೊಟ್ಟರು ಅಂತ ಮುದುಕರೆಲ್ಲ ಹೇಳುತ್ತಾರೆ. ಕಟ್ಟೆಯ ಪಾಚಿ ಕೆರೆದಾಗ ಕಲ್ಲಿನ ಮೇಲೆ 1954 ಅಂತ ಇತ್ತು. ನಾಲ್ವಡಿಯವರು ತೀರಿಕೊಂಡದ್ದು 1940ರಲ್ಲಿ. ಬಾವಿ ಬಂದದ್ದು ಸ್ವಾತಂತ್ರ್ಯ ಬಂದ ಮೇಲೆ, ಕೇರಿಯವರೇ ಅರ್ಜಿ ಮೇಲೆ ಅರ್ಜಿ ಹಾಕಿದ ಮೇಲೆ. ತಾವೇ ಜಗಳವಾಡಿ ಪಡೆದದ್ದನ್ನು ಮಹಾರಾಜರ ಕರುಣೆ ಅಂತ ನಮ್ಮವರು ನೆನಪಿಟ್ಟುಕೊಂಡಿದ್ದಾರೆ. ಗುಲಾಮಗಿರಿ ನೆನಪಿನೊಳಕ್ಕೂ ಹೋಗಿ ಕೂರುತ್ತದೆ.

ಇದಕ್ಕೆ ಎದುರಾದದ್ದೂ ಇದೆ. ‘ಮೊದ್ಲು ನಮ್ಮ ಕೇರಿ ಇಲ್ಲಿರ್ನಿಲ್ಲ. ಧಾತು ಈಸ್ವರ ಬರದಲ್ಲಿ ಜನ ಸತ್ತು, ಉಳಿದೋರು ಊರು ಬಿಟ್ಟೋದ್ರು. ತಿರ್ಗಿ ಬಂದಾಗ ಕೋಡಿ ಕೆಳಿಕೆ ಅಟ್ಟಿದ್ರು’ ಅಂತ ಅವ್ವ ಹೇಳುತ್ತಿದ್ದಳು. ಅವಳಿಗೆ ಅವಳ ಅತ್ತೆ ಹೇಳಿದ್ದು. ಹಳೇ ಕೇರಿ ಎಲ್ಲಿತ್ತು ಅಂದರೆ ಊರ ಉತ್ತರಕ್ಕಿರುವ ತೆಂಗಿನ ತೋಟ ತೋರಿಸುತ್ತಿದ್ದಳು. ಅದು ಮುದುಕಿಯರ ಕಟ್ಟುಕತೆ ಅಂತ ಊರಿನವರು ನಗುತ್ತಿದ್ದರು.

ಧಾತು, ಈಶ್ವರ ಸಂವತ್ಸರಗಳೆಂದರೆ 1876ರಿಂದ 1878ರವರೆಗಿನ ಮಹಾ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ನಾನು ನಕಾಶೆಯ ಮೇಲೆ ಆ ತೆಂಗಿನ ತೋಟದ ನಂಬರು ಹುಡುಕಿದೆ. ಹೊಲದ ಮಧ್ಯೆ ಬಾವಿಯ ಗುರುತಿತ್ತು, ಅದರ ಪಕ್ಕಕ್ಕೆ ಯಾವ ಊರಿಗೂ ಹೋಗದೆ ಅಲ್ಲಿಗೇ ನಿಲ್ಲುವ ಒಂದು ಕಾಲುದಾರಿ ಇತ್ತು. ಬರೀ ಬೇಸಾಯದ ಹೊಲಕ್ಕೆ ಊರ ಕಡೆಯಿಂದ ಅಂಥ ದಾರಿ ಯಾಕೆ? ತೋಟದಲ್ಲಿ ಗುಂಡಿ ತೋಡುವಾಗ ಬೂದಿ, ಒಡೆದ ಮಡಕೆ ಚೂರು, ಒರಳುಕಲ್ಲು ಸಿಕ್ಕಿದ್ದನ್ನು ಕೂಲಿಗೆ ಹೋದ ನಮ್ಮ ಹುಡುಗರೇ ಕಂಡಿದ್ದಾರೆ. ಅಲ್ಲಿ ಮನೆಗಳಿದ್ದವು ಅನ್ನುವುದಕ್ಕೆ ಇಷ್ಟು ಸಾಕು. ಮನೆಗಳು ಯಾರವು ಅನ್ನುವುದನ್ನು ಅವ್ವನ ಮಾತು ಹೇಳುತ್ತದೆ. ನಕಾಶೆ ತನಗೆ ಗೊತ್ತಿಲ್ಲದೆಯೇ ನಮ್ಮ ಕಡೆ ಸಾಕ್ಷಿ ಹೇಳಿತು.

7

ಹಳೇ ಕತೆ ಈಗ ಯಾಕೆ ಅಂತ ಕೇಳುವವರಿಗೆ ಉತ್ತರ ನೆತ್ತಿಯ ಮೇಲೆ ಹಾರುತ್ತಿದೆ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸ್ವಾಮಿತ್ವ ಅಂತ ಒಂದು ಯೋಜನೆ ಶುರುಮಾಡಿತು. ಮೊದಲು ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನೂರೈವತ್ತು ವರ್ಷ ಖಾಲಿ ಬಿಟ್ಟಿದ್ದ ಗ್ರಾಮಠಾಣದ ತುಂಡಿನೊಳಗೆ ಮನೆ ಮನೆಗೂ ಗೆರೆ ಎಳೆದು ಆಸ್ತಿಯ ಕಾರ್ಡು ಕೊಡುವ ಕೆಲಸ. ಸುಣ್ಣದಲ್ಲಿ ನೆಲದ ಮೇಲೆ ಗುರುತು ಹಾಕುತ್ತಾರೆ, ಡ್ರೋನು ಮೇಲಿಂದ ಚಿತ್ರ ತೆಗೆಯುತ್ತದೆ. ಸರಪಳಿ ಎಳೆಯುವ ತೋಟಿ ಈಗ ಬೇಕಾಗಿಲ್ಲ. ಆದರೆ ಸುಣ್ಣದ ಗೆರೆ ಎಲ್ಲಿ ಬೀಳಬೇಕು ಅಂತ ಹೇಳುವವರು ಬೇಕು. ಹಿತ್ತಲು ಒತ್ತುವರಿ ಮಾಡಿದವನು ಗಟ್ಟಿಯಾಗಿ ಹೇಳುತ್ತಾನೆ. ಕೂಲಿಗೆ ಹೋದವಳ ಮನೆ ಮುಂದೆ ಯಾರೂ ಇರುವುದಿಲ್ಲ. ಗ್ರಾಮಠಾಣದ ಆಚೆ ಖರಾಬಿನ ಮೇಲೆ ಕೂತ ಕೇರಿಯ ಗತಿಯೇನು ಅಂತ ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಈಗ ಬೀಳುವ ಗೆರೆ ಇನ್ನೊಂದು ನೂರು ವರ್ಷ ಅಳಿಸುವುದಿಲ್ಲ.

ಗೆಳೆಯರೆ, ಕೆಲಸ ಇಷ್ಟು. ಊರಿನ ಗ್ರಾಮ ನಕಾಶೆ, ಕೇರಿಯ ಸುತ್ತಲಿನ ನಂಬರುಗಳ ಟಿಪ್ಪಣಿ, ಆಕಾರಬಂದ್, ಇನಾಂ ಮತ್ತು ಮರುಮಂಜೂರಾತಿ ರಿಜಿಸ್ಟರಿನ ನಕಲು ತೆಗೆಸಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕಿನಲ್ಲಿ ಕೇಳಿ. ಕೈಲಿರುವ ಮೊಬೈಲಿನಲ್ಲಿ ದಿಶಾಂಕ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರು ಗೊತ್ತಾಗುತ್ತದೆ. ಕೇರಿಯ ಮುದುಕ ಮುದುಕಿಯರನ್ನು ಕರೆದುಕೊಂಡು ಗಡಿಯ ಗುಂಟ ನಡೆಯಿರಿ, ಅವರು ಹೇಳುವ ಕಟ್ಟೆ, ಗುಂಡಿ, ಮರ, ಬಾವಿಯ ಹೆಸರುಗಳನ್ನು ಅವರ ಬಾಯಿಂದ ಬಂದ ಹಾಗೇ ಬರೆದುಕೊಳ್ಳಿ. ಪೆಟ್ಟಿಗೆಯೊಳಗಿನ ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ಜಾತಿಯ ಹೆಸರಲ್ಲ, ಮನುಷ್ಯರ ಹೆಸರು, ಹೆಂಗಸರದ್ದು ಮೊದಲು. ವರ್ಷ ಗೊತ್ತಿಲ್ಲದಿದ್ದರೆ ಬರ, ಮಳೆ, ರೋಗ, ಮದುವೆಗಳ ಲೆಕ್ಕದಲ್ಲಿ ಕೇಳಿ. ನಮ್ಮ ಕೇರಿಯಲ್ಲಿ ಬರೆದುಕೊಂಡ ಹೆಸರುಗಳನ್ನು ನಾನು ಇಲ್ಲಿ ಹಾಕಿಲ್ಲ. ಅವು ಒಂದು ನೂರು ಹಾಳೆಯ ನೋಟುಬುಕ್ಕಿನಲ್ಲಿವೆ, ಮೊದಲು ಅವರ ಮಕ್ಕಳು ಮೊಮ್ಮಕ್ಕಳು ಓದಲಿ.

ಹಳ್ಳಿ ಶಾಲೆಯ ಮೇಷ್ಟರುಗಳು ಸಮಾಜ ಪಾಠದಲ್ಲಿ ಇಮ್ಮಡಿ ಪುಲಿಕೇಶಿಯನ್ನು ಕಲಿಸಲಿ, ಬೇಡ ಅನ್ನುವುದಿಲ್ಲ. ಒಂದು ಶನಿವಾರ ಮಕ್ಕಳನ್ನೆಲ್ಲ, ಗೌಡರ ಮಕ್ಕಳನ್ನೂ ಸೇರಿಸಿಕೊಂಡು, ನಕಾಶೆ ಹಿಡಿದು ಕೆರೆ ಕೋಡಿಯ ಕೆಳಕ್ಕೆ ಇಳಿಯಲಿ. ಕಾಗದದ ಮೇಲೆ ಖಾಲಿ ಇರುವ ಕಡೆ ಮಕ್ಕಳೇ ಒಂದೊಂದು ಮನೆಯನ್ನೂ ಬರೆಯಲಿ. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಮಂಡಿಸಿ, ನಡಾವಳಿಯಲ್ಲಿ ದಾಖಲು ಮಾಡಿಸಿ, ಅಧ್ಯಕ್ಷರ ರುಜು ಮೊಹರು ಹಾಕಿಸಿಕೊಂಡು ಒಂದು ಪ್ರತಿಯನ್ನು ಕೇರಿಯಲ್ಲೇ ಇಟ್ಟುಕೊಳ್ಳಿ. ಡ್ರೋನು ಬರುವ ದಿನ ಆ ಕಾಗದ ನಮ್ಮ ಕೈಲಿರಬೇಕು.